ಕಥೆ ಹೇಳದೆ ಊಟವಿಲ್ಲ

ಶರಣ ಬಂಧುಗಳೇ, ನಮ್ಮ ಮನೆದೇವರು ವೀರಭದ್ರ ತೋರಿದ ಕೃಪೆಯನ್ನು ಬರೆಯುವ ಮೊದಲು ನಾನು ಮಾಡಿದ ಹೊಲಸು ಕೆಲಸವನ್ನು ಬರೆಯಬೇಕು. 

ನಾನು ಸುಮಂಗಲಾ, ರಾಯಚೂರು ಕಡೆಯವಳು. ಮದುವೆಯಾದಾಗಿನಿಂದ ಹೈದರಾಬಾದಿನ ಉಪ್ಪಲ್‌ನಲ್ಲಿದ್ದೇವೆ. ಮಗಳು ಶಿವಲೀಲಾ ನಾರಾಯಣಗೂಡದ ಕಾಲೇಜಿನಲ್ಲಿ ಬೈಪಿಸಿ, ಅಂದರೆ ನಮ್ಮ ಕಡೆಯ ಪಿಯುಸಿ ಸೈನ್ಸಿನಂತೆ ಬಯಾಲಜಿ, ಫಿಸಿಕ್ಸ್, ಕೆಮಿಸ್ಟ್ರಿ ಓದುತ್ತಾಳೆ. ನರ್ಸ್ ಆಗಬೇಕೆಂಬುದು ಅವಳ ಆಸೆ. ಕಳೆದ ಆಷಾಢದಲ್ಲಿ ಅವಳು ಬಾಟನಿ ಟೆಸ್ಟಿನಲ್ಲಿ ಮೂರು ಸಲ ಫೇಲಾದಳು. ಪ್ರಿನ್ಸಿಪಾಲರು ನನ್ನನ್ನು ಕರೆಸಿ, ಕ್ವಾರ್ಟರ್ಲಿ ಪರೀಕ್ಷೆಯಲ್ಲೂ ಹೀಗೇ ಆದರೆ ಬೈಪಿಸಿಯಿಂದ ತೆಗೆಯುತ್ತೇವೆ ಎಂದು ತೆಲುಗಿನಲ್ಲಿ ಹೇಳಿದರು. ಮಗಳು ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದಳು. "ಓದೀನವ್ವಾ. ಪೇಪರ್ ನೋಡಿದ ಕೂಡ್ಲೆ ಎಲ್ಲಾ ಹಾರಿ ಹೋಗತೈತಿ" ಎಂದಳು.

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಅಲ್ಲೇ ಹತ್ತಿರ ನಡೆಯುತ್ತಿದ್ದ ಜ್ಞಾಪಕಶಕ್ತಿ ಶಿಬಿರಕ್ಕೆ ಕರೆದೊಯ್ದೆ. ಕೋಟು ತೊಟ್ಟ ಒಬ್ಬ ಪುಣ್ಯಾತ್ಮ ಸಭೆಯಲ್ಲಿದ್ದವರ ಹೆಸರನ್ನೆಲ್ಲ ಗಡಗಡ ಒಪ್ಪಿಸಿದ. ಹೋಗುವಾಗ ತನ್ನ ಛತ್ರಿಯನ್ನು ಕುರ್ಚಿಯ ಮೇಲೆ ಮರೆತು ಹೋದ. ಅದನ್ನು ಕಣ್ಣಾರೆ ಕಂಡೂ ಅವನು ಮಾರಿದ ಹಸಿರು ಪುಡಿಯ ಡಬ್ಬಿ ತಂದೆನಲ್ಲ, ನನ್ನ ಬುದ್ಧಿಗೆ ಏನೆನ್ನಬೇಕು! ಹಾಲಿಗೆ ಹಾಕಿದರೆ ಅದು ತೊಟ್ಟಿಯ ಪಾಚಿಯಂತೆ ಲೋಳೆಯಾಗುತ್ತಿತ್ತು, ವಾಸನೆಗೆ ಮೂಗು ಮುಚ್ಚಬೇಕು. ನಾನು ಒಂದು ಗುಟುಕೂ ಕುಡಿಯಲಾರದ್ದನ್ನು ಮಗಳಿಗೆ ದಿನಾ ಎರಡು ಹೊತ್ತು ಕುಡಿಸಿದೆ.

ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಮನೆಯಲ್ಲಿ ದೇವರ ನಾಮವನ್ನು ದಿನಕ್ಕೆ ನೂರೆಂಟು ಸಲ ಬರೆಯುವ ಪದ್ಧತಿಯುಂಟು. ಬಾಟನಿ ಉತ್ತರವನ್ನೂ ಹಾಗೇ ಬರೆದರೆ ತಲೆಯಲ್ಲಿ ಯಾಕೆ ನಿಲ್ಲಬಾರದು ಎಂದುಕೊಂಡೆ. ನೋಟ್‌ಬುಕ್ಕಿಗೆ ವಿಭೂತಿ ಹಚ್ಚಿ, ದಿನಕ್ಕೊಂದು ಉತ್ತರ ನೂರೆಂಟು ಸಲ ಬರೆಯಿಸಿದೆ. ಅವಳ ಬೆರಳು ಊದಿತು. ಕೈ ಬರೆಯುತ್ತಿತ್ತು, ಕಣ್ಣು ಎಲ್ಲೋ ಇರುತ್ತಿತ್ತು. ನಾನು ಕಿರುಚಿ ಕಿರುಚಿ ಬೈಯುತ್ತಿದ್ದೆ.

ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಉಪ್ಪಲ್ ಬಸ್‌ಸ್ಟಾಪಿನಲ್ಲಿ ಅವಳು ವಾಂತಿ ಮಾಡಿಕೊಂಡಳು. ಯೂನಿಫಾರಂ ತುಂಬ ಹಸಿರು. ಜನ ಮೂಗು ಹಿಡಿದು ದೂರ ಸರಿದರು. ಮನೆಯಿಂದ ಪುಡಿಯ ಡಬ್ಬಿಯನ್ನೂ ತೆಗೆದುಕೊಂಡು ಆಟೋದಲ್ಲಿ ಆಸ್ಪತ್ರೆಗೆ ಒಯ್ದೆ. ಡಾಕ್ಟರಮ್ಮ ಸಲೈನ್ ಹಚ್ಚಿಸಿ, ಡಬ್ಬಿ ಮೂಸಿ ನೋಡಿ ಕಸದ ಬುಟ್ಟಿಗೆ ಎಸೆದರು. "ಇದನ್ನ ನೀವು ಕುಡೀತೀರೇನಮ್ಮಾ?" ಎಂದು ಹಿಂದಿಯಲ್ಲಿ ಕೇಳಿದರು. ಮಂಚದ ಮೇಲಿಂದ ಮಗಳು, "ಅವ್ವಾ, ನನ್ನ ತಲೀನ ಕೆಟ್ಟೈತಿ. ಕಾಲೇಜು ಬಿಡಸಿ ಬಿಡು" ಎಂದಳು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಅಲ್ಲೇ ಗೋಡೆಗೆ ಹಣೆಯೊತ್ತಿ, "ವೀರಭದ್ರಾ, ನನ್ನ ಕೈಲಿ ಆಗಲಿಲ್ಲ, ದಾರಿ ತೋರು" ಎಂದು ಬೇಡಿಕೊಂಡೆ.

ಸಂಜೆ ಮನೆಗೆ ಬಂದೆವು. ನಮ್ಮ ಅತ್ತೆ ಶ್ರಾವಣ ಸೋಮವಾರ ಪುರಾಣದ ಕಥೆ ಕೇಳದೆ ಅನ್ನ ಮುಟ್ಟುವವರಲ್ಲ. ಪ್ರತಿವರ್ಷ ನಾನೇ ಓದುತ್ತೇನೆ. ಅಂದು ಬೈದು ಬೈದು ನನ್ನ ಗಂಟಲು ಕಟ್ಟಿತ್ತು. ಅತ್ತೆಗೆ ಅಕ್ಷರ ಬಾರದು. ಯಜಮಾನರು ಡ್ಯೂಟಿಯಲ್ಲಿದ್ದರು. ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬಾರದು.

"ಪುಸ್ತಕ ಯಾಕ ಬೇಕು ಆಯಿ, ನಾ ಹೇಳತೀನಿ" ಎಂದು ಅವಳು ಅಜ್ಜಿಯ ಹತ್ತಿರ ಕೂತಳು. ಹೋದ ಶ್ರಾವಣದಲ್ಲಿ ನಾನು ಓದಿದ ಕಥೆ! ಜೋಳದ ನುಚ್ಚು ಬೇಯಿಸಿದ ಶರಣೆ, ಅವಳ ಬಿರುಕು ಬಿಟ್ಟ ಗಡಿಗೆ, ಹಸುವಿನ ಹೆಸರು, ಒಂದೂ ಬಿಡಲಿಲ್ಲ. ಓದಿದ ನನಗೇ ಆ ಹಸುವಿನ ಹೆಸರು ಮರೆತಿತ್ತು.

ನಾನು ಬಾಯಿ ಬಿಟ್ಟು ನೋಡಿದೆ. ಅತ್ತೆ ನಕ್ಕರು. "ಹೋದ ವರ್ಷ ಈ ಕಥಿ ಹೇಳಂತ ಇಕಿಗೆ ಮರುದಿನ ಕೇಳೀನಿ, ನಾಕು ದಿನ ಬಿಟ್ಟು ಕೇಳೀನಿ, ದೀಪಾವಳಿಗೂ ಕೇಳೀನಿ. ಮರೆತದ್ದಷ್ಟು ನಿನ್ನ ಕೇಳಿ ಬಂದು ಹೇಳತಿದ್ಲು. ಹೆಂಗ ಮರೀತಾಳ? ಶಿವಲೀಲಾ, ನಿನ್ನ ಗಿಡದ ಪಾಠಾನೂ ನನಗ ಹಂಗ ಹೇಳು."

ಮರುದಿನದಿಂದ ಪುಸ್ತಕ ಮುಚ್ಚಿಟ್ಟು ಅವಳು ಹೇಳುವುದು, ಅತ್ತೆ ಕೇಳುವುದು. "ಎಲಿ ಅಡಗಿ ಮಾಡತೈತಿ ಅಂತಿ. ಒಲಿ ಎಲ್ಲೈತಿ?" ಎಂದರೆ ಅವಳು ತಡವರಿಸಿ, ಪುಸ್ತಕ ತೆರೆದು ನೋಡಿ, ಮತ್ತೆ ಮುಚ್ಚಿ ಹೇಳುತ್ತಿದ್ದಳು. ಸೋಮವಾರ ಹೇಳಿದ್ದನ್ನು ಗುರುವಾರ ಕೇಳುತ್ತಿದ್ದರು, ಎಂಟು ದಿನ ಬಿಟ್ಟು ಮತ್ತೆ ಕೇಳುತ್ತಿದ್ದರು. ಸಹಿ ಮಾಡಲೂ ಬಾರದ ಮುದುಕಿ! ಕ್ವಾರ್ಟರ್ಲಿ ಪರೀಕ್ಷೆಯಲ್ಲಿ ಬಾಟನಿ ಪಾಸಾಯಿತು. ಮಗಳು ಬೈಪಿಸಿಯಲ್ಲೇ ಉಳಿದಳು. ವೀರಭದ್ರ ದಾರಿಯನ್ನು ನಮ್ಮ ಪಡಸಾಲೆಯಲ್ಲೇ ಇಟ್ಟಿದ್ದ. ನಾನು ಅದನ್ನು ದಾಟಿಕೊಂಡು ಪಾಚಿ ಕೊಳ್ಳಲು ಹೋಗಿದ್ದೆ.

ರಿಸಲ್ಟ್ ಬಂದ ಸಂಜೆ ಹೋಳಿಗೆ ಮಾಡಿ ದೇವರಿಗೆ ಎಡೆ ಹಿಡಿದೆ. ಊಟಕ್ಕೆ ಕೂತಾಗ ಅತ್ತೆ ನನ್ನ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. "ಈಗ ನೀ ಹೇಳವ್ವಾ ಸುಮಾ. ಕೂಸಿಗೆ ಏನು ಕುಡಿಸಿದಿ, ಏನು ಬೈದಿ, ಒಂದೂ ಬಿಡಬ್ಯಾಡ. ಮರೀಬಾರದು ನೀ." ಮಗಳ ಮುಂದೆ ಹೇಳಿದೆ. ಬೈಗುಳಕ್ಕೆ ಬಂದಾಗ ತಡವರಿಸಿದೆ. ಬಿಟ್ಟದ್ದನ್ನು ಶಿವಲೀಲಾ ಒಂದೊಂದಾಗಿ ನೆನಪಿಸಿದಳು. ಅವಳಿಗೆ ಎಲ್ಲವೂ ನೆನಪಿತ್ತು.