ಹೆಂಡತಿಗೊಂದು ಕುರ್ಚಿ

ಬೆಳಗಿನ ಆರು ಗಂಟೆ. ಮಾಜಿ ಸೈನಿಕರ ಕಚೇರಿ ತೆರೆಯಲು ಇನ್ನೂ ನಾಲ್ಕು ಗಂಟೆಯಿದೆ. ಅದರ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮಾತ್ರ ಆಗಲೇ ದೀಪ ಹತ್ತಿದೆ. ಎಲ್ಲರ ಬಾಯಲ್ಲೂ 'ಟೈಪಿಂಗ್ ಅಕ್ಕ' ಆಗಿರುವ ಹೆಂಗಸು ಯಂತ್ರದ ಧೂಳೊರೆಸಿ ಎರಡು ಕುರ್ಚಿ ಹಾಕುತ್ತಾರೆ. ಒಂದು ಸೈನಿಕನಿಗೆ, ಬಾಗಿಲ ಹೊರಗೆ. ಇನ್ನೊಂದು ಅವನ ಹೆಂಡತಿಗೆ, ತಮ್ಮ ಮಗ್ಗುಲಲ್ಲೇ.

ಸೇವೆಯಲ್ಲಿ ಅಂಟಿಕೊಂಡ ಕಾಯಿಲೆಗೆ ಪಿಂಚಣಿ ಕೇಳಿ ಇಲ್ಲವೆನಿಸಿಕೊಂಡವರಿಗೆ ಮೇಲ್ಮನವಿ ಬರೆದುಕೊಡುವುದು ಅಕ್ಕನ ಕೆಲಸ. ಹನ್ನೊಂದು ವರ್ಷದಲ್ಲಿ ನಾನೂರ ಹನ್ನೆರಡು ಬರೆದಿದ್ದಾರೆ, ನೂರ ಅರವತ್ತು ಗೆದ್ದಿವೆ. ಓದಿದ್ದು ಎಂಟನೇ ತರಗತಿ. ಸೇನೆಯಲ್ಲಿ ಲಾರಿ ಓಡಿಸುತ್ತಿದ್ದ ಅಪ್ಪನ ಮಂಡಿನೋವಿನ ಅರ್ಜಿ ಮೂರು ಸಲ ವಾಪಸು ಬಂದಾಗ, ಯಾಕಿರಬಹುದು ಎಂಬ ಕುತೂಹಲಕ್ಕೆ ನಿಯಮದ ಪುಸ್ತಕ ಹಿಡಿದರು. ಕಾರಣ ಒಂದೇ ಸಾಲಿನಲ್ಲಿತ್ತು. ಸೇನೆಯಿಂದ ಬಿಡುಗಡೆಯಾಗುವ ದಿನ, ಡಾಕ್ಟರ ತಪಾಸಣೆಯ ಹಾಳೆಯಲ್ಲಿ ಅಪ್ಪನೇ ಬರೆದಿದ್ದರು: ಯಾವ ತೊಂದರೆಯೂ ಇಲ್ಲ.

"ಎಲ್ರೂ ಅದನ್ನೇ ಬರೀತಾರೆ," ಎನ್ನುತ್ತಾರೆ ಅಕ್ಕ. "ಸಂಜೆ ಊರಿನ ರೈಲಿರುತ್ತೆ. ನೋವಿದೆ ಅಂದ್ರೆ ಇನ್ನೊಂದು ವಾರ ಆಸ್ಪತ್ರೇಲಿ ಕೂರಿಸ್ತಾರೆ. ಈಗ್ಲೂ ಕೇಳಿನೋಡಿ, ನಿಜ ಬಾಯಿಬಿಡಲ್ಲ. ಅದಕ್ಕೇ ಅತ್ತಿಗೇರನ್ನ ಕೇಳೋದು."

ಇವತ್ತು ಬಂದಿರುವುದು ತೋಪುಪಡೆಯಲ್ಲಿದ್ದವರು. ಎಡಗಿವಿ ಸತ್ತಿದೆ. ಕೊನೆಯ ಮೇಲ್ಮನವಿ, ನಾಳೆಗೆ ಗಡುವು. ಸೇವೆಯಲ್ಲಿದ್ದಾಗಲೇ ಕಿವಿ ಹೋಯಿತೆನ್ನಲು ಆ ಕಾಲದ ಒಂದು ಕಾಗದವಾದರೂ ಬೇಕು.

"ಕಿವಿ ಹೇಗಿದೆ ಅಣ್ಣಾ?"

"ಕಲ್ಲುಗುಂಡಿನ ಹಾಗಿದೆ!" ಹೊರಗಿಂದ ಕೂಗು.

"ಕಲ್ಲುಗುಂಡೇ. ಅದಕ್ಕೇ ಏನೂ ಕೇಳ್ಸಲ್ಲ," ಎಂದು ಹೆಂಡತಿ ಗೊಣಗುತ್ತಾರೆ. "ಮಗಳು ಹುಟ್ಟಿದ ವರ್ಷ ರಜೆಗೆ ಬಂದಾಗ್ಲೇ ಹಿಂಗಿತ್ತು. ಕೂಸು ಎಡಮಗ್ಗುಲಲ್ಲಿ ಕಿರುಚ್ತಿದ್ರೆ ಇವರು ಗೊರಕೆ!"

"ಕಾಗದದಲ್ಲಿ ಇದೆಯಾ ಅತ್ತಿಗೆ, ಅದು?"

ಅತ್ತಿಗೆ ಚೀಲದ ಹಿಡಿ ತಿರುಚುತ್ತಾರೆ. "ಒಂದಿದೆ. ಕೊಡಕ್ಕಾಗಲ್ಲ. ಗಂಡ ಹೆಂಡ್ತಿಗೆ ಬರೆದಿದ್ದಮ್ಮ ಅದು!"

ಕೊನೆಗೂ ಕಾಗದ ಹೊರಬರುತ್ತದೆ. ಬಿಡುಗಡೆಗೆ ನಾಲ್ಕು ವರ್ಷ ಮೊದಲಿನ ತಾರೀಕು, ಸೇನೆಯ ಅಂಚೆಮುದ್ರೆ. 'ಫೋನ್ ಬೇಡ. ತೋಪು ಪಕ್ಕದಲ್ಲೇ ಸಿಡಿದಾಗಿನಿಂದ ಎಡಗಿವಿ ಗುಂಯ್ ಅನ್ನುತ್ತಿದೆ. ಡಾಕ್ಟರು ಹತ್ತಿ ಇಟ್ಟರು. ಕಾಗದವೇ ಬರಿ.' ಅದರ ಕೆಳಗಿನ ಮೂರು ಸಾಲಿನ ಮೇಲೆ ಅತ್ತಿಗೆಯ ಹೆಬ್ಬೆರಳು ಬಂಡೆಯಂತೆ ಕೂತಿದೆ.

"ಮುಚ್ಚಿದ್ರೆ ಏನೋ ಬಚ್ಚಿಟ್ಟಿದಾರೆ ಅಂತಾರೆ. ಇಡೀ ಹಾಳೇನೇ ಹೋಗ್ಬೇಕು," ಎನ್ನುತ್ತಾರೆ ಅಕ್ಕ.

"ಏನಂತೆ?" ಹೊರಗಿನವರು ಬಲಗಿವಿ ಬಾಗಿಲಿಗೆ ಕೊಡುತ್ತಾರೆ.

"ನೀವು ಬರೆದ ಆ ಕಾಗದ ಇಡೀ ಕೊಡ್ಬೇಕಂತೆ. ನಿಮ್ಮ ಮಾನ ಹರಾಜಾಗ್ತಿದೆ!" ಎಂದು ಹೆಂಡತಿ ಕೂಗುತ್ತಾರೆ.

"ಆಗ್ಲಿ ಬಿಡೇ! ನಾನೇನು ಪಕ್ಕದ ಮನೆಯವಳಿಗೆ ಬರೆದಿದ್ನಾ?"

ಹೆಬ್ಬೆರಳು ನಿಧಾನವಾಗಿ ಮೇಲೇಳುತ್ತದೆ. ಅಕ್ಕ ಒಂದಕ್ಷರ ಬಿಡದೆ ನಕಲು ಮಾಡುತ್ತಾರೆ. ಆ ಮೂರು ಸಾಲು ಬಂದಾಗ ಅವರ ಕಿವಿಯೇ ಕೆಂಪಾಗುತ್ತದೆ.

ತೀರ್ಪಿಗೆ ಮೂರು ತಿಂಗಳು ಕಾಯಬೇಕು. ಲಕೋಟೆ ಅಂಟಿಸುತ್ತಾ ಅಕ್ಕ ತಮ್ಮ ಆಸೆ ಹೇಳುತ್ತಾರೆ: "ಬಿಡುಗಡೆ ದಿನ ಡಾಕ್ಟರ ಮುಂದೆ ಹೆಂಡ್ತಿಗೂ ಒಂದು ಕುರ್ಚಿ ಹಾಕ್ಲಿ, ಸಾಕು. ಆಮೇಲೆ ನನ್ನ ಕೋಣೆಗೆ ಬೀಗ ಬಿದ್ರೂ ಸಂತೋಷವೇ."