ಸಿಹಿನೀರು ಕೇಳಲು ಹೋದ ಎರಡು ದಿನ

ತಾಂಬಾದ ಸಮೀಪದ ಹಳ್ಳಿಯಿಂದ ಮುಂಜಾನೆಯ ಬಸ್ಸಿನಲ್ಲಿ ಇಂಡಿಗೆ ಹೊರಟಾಗ ನನ್ನ ಜೊತೆ ಭೀಮವ್ವ ಇದ್ದಳು. ಐವತ್ತು ದಾಟಿದ ಒಕ್ಕಲಗಿತ್ತಿ. ಅವಳ ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಊರ ಬಾವಿಯ ಉಪ್ಪುಪ್ಪಾದ ಸವಳು ನೀರು ತುಂಬಿದ ಒಂದು ಬಾಟಲಿ. ಇಂಡಿಯಲ್ಲಿದ್ದ ನಮ್ಮ ಶಾಸಕರಿಗೆ ಅದನ್ನು ಕುಡಿಸಿಯೇ ಮಾತಾಡಬೇಕೆಂಬುದು ಅವಳ ಹಟ.

ಎಪ್ಪತ್ತರ ದಶಕದ ಮಾತು. ನಾನು ಆ ಊರಿನ ಮಾಸ್ತರ. ಚುನಾವಣೆಯಲ್ಲಿ ಆ ಶಾಸಕರಿಗಾಗಿ ಮನೆಮನೆ ತಿರುಗಿ ಚಂದಾ ಎತ್ತಿದ್ದೆ, ಸರಕಾರಿ ನೌಕರ ಮಾಡಬಾರದ ಕೆಲಸ. ಗೆದ್ದರೆ ಸಿಹಿನೀರಿನ ಬಾವಿ ತೋಡಿಸುತ್ತಾರೆ ಎಂದು ಅವರ ಪರವಾಗಿ ಮಾತು ಕೊಟ್ಟವನೂ ನಾನೇ. ಭೀಮವ್ವ ಬೆಣ್ಣೆ ಮಾರಿದ ಹಣ ಕೊಟ್ಟಿದ್ದಳು. ಗೆದ್ದ ಮೇಲೆ ಅವರು ಊರ ಕಡೆ ತಲೆ ಹಾಕಲಿಲ್ಲ.

ಇಂಡಿಯ ಅವರ ಮನೆಯ ಕಟ್ಟೆಯ ಮೇಲೆ ಕುಳಿತವನೊಬ್ಬ, “ಸಾಹೇಬ್ರು ಸಿಂದಗಿಗೆ ಹೋಗ್ಯಾರ್ರಿ” ಅಂದ. ಬಂದ ದಾರಿಯಲ್ಲೇ ತಾಂಬಾ ದಾಟಿ ಸಿಂದಗಿಗೆ ಹೋದೆವು. ಅಲ್ಲಿ ಸಭೆ ಮುಗಿಸಿ ಅವರು ಮುದ್ದೇಬಿಹಾಳಕ್ಕೆ, ಬೀಗರ ಮದುವೆಗೆ ಹೊರಟುಹೋಗಿದ್ದರು. ತಿರುಗಿ ಹೋಗೋಣವೇ ಎಂದೆ.

“ಓಟು ಕೇಳಾಕ ಅವರು ಮೂರು ಸಲ ಬಂದಿದ್ರು. ನಾವು ಇನ್ನೊಂದು ಊರು ನೋಡೂಣ್ರಿ” ಅಂದಳು ಭೀಮವ್ವ.

ತಾಳಿಕೋಟೆಯ ಮೇಲೆ ಹಾದು, ಮೈಯೆಲ್ಲ ಧೂಳಾಗಿ, ಸಂಜೆಗೆ ಮುದ್ದೇಬಿಹಾಳ ಮುಟ್ಟಿದೆವು. ಮದುವೆಯ ಹಂದರ ಖಾಲಿಯಾಗಿತ್ತು. ಸಾಹೇಬರು ನಾಳೆ ಬಸವನ ಬಾಗೇವಾಡಿಯ ಪ್ರವಾಸಿ ಮಂದಿರದಲ್ಲಿ ಇರುತ್ತಾರೆಂದು ಅಡಿಗೆಯವರು ಹೇಳಿದರು. ಒಂದು ಮಠದಲ್ಲಿ ನುಚ್ಚು, ಸಾರು ಉಂಡು ಮಲಗಿದೆವು.

ಬಾಗೇವಾಡಿಯಲ್ಲಿ ಮಧ್ಯಾಹ್ನ ಒಳಗೆ ಕರೆದರು. ಶಾಸಕರ ಪಕ್ಕದಲ್ಲಿ ಅರಳೆ ಗಿರಣಿಯ ಮಾಲಕರು ಕುಳಿತಿದ್ದರು. ಅವರ ಗಿರಣಿಯವರೆಗೆ ಹೊಸ ಡಾಂಬರು ರಸ್ತೆಯಾದದ್ದು ನಮಗೆ ಗೊತ್ತಿತ್ತು. ಭೀಮವ್ವ ಗ್ಲಾಸಿಗೆ ನೀರು ಸುರಿದಳು.

“ಒಂದು ಗುಟುಕು ಕುಡೀರಿ ಸಾಹೇಬ್ರ.”

ಅವರು ಗ್ಲಾಸನ್ನು ಬದಿಗೆ ಸರಿಸಿದರು. “ಅವ್ವಾ, ನಿಮ್ಮೂರವರು ಕೊಟ್ಟ ಚಂದಾ ನನ್ನ ಜೀಪಿನ ಒಂದು ದಿನದ ಎಣ್ಣಿಗೂ ಸಾಲಲಿಲ್ಲ.”

“ಇದ್ದದ್ದು ಕೊಟ್ಟೀವ್ರಿ. ಓಟೂ ಕೊಟ್ಟೀವಿ. ಬಾವಿ ಆಗ್ತೈತಿ ಅಂತ ಮಾಸ್ತರು ಹೇಳಿದ್ರು. ಹೌದಲ್ರಿ ಮಾಸ್ತರ?”

ಶಾಸಕರು ನನ್ನತ್ತ ತಿರುಗಿದರು. “ಇಂಡಿಗೆ ವರ್ಗ ಬೇಕಂತ ನಿಮ್ಮ ಅರ್ಜಿ ಐತೆಲ್ಲ ಮಾಸ್ತರ? ಈ ಸಲ ಆಗ್ತೈತಿ. ಬಾವಿ ತೋಡಸ್ತೇನಿ ಅಂತ ನಾ ಯಾವಾಗ ಹೇಳಿದ್ದೆ?”

ಹೆಂಡತಿ, ಮಕ್ಕಳು ಇಂಡಿಯಲ್ಲಿದ್ದರು. ಮೂರು ವರ್ಷದಿಂದ ಆ ವರ್ಗಾವಣೆಗೆ ಕಾಯುತ್ತಿದ್ದೆ. “ಆಗಬಹುದು ಅಂತ ನಾನ ಹೇಳಿದ್ದೆ, ಅಷ್ಟ” ಎಂದುಬಿಟ್ಟೆ. ಭೀಮವ್ವ ನನ್ನನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಹೊರಗೆ ನಡೆದಳು.

ವಿಜಾಪುರದ ಮೇಲೆ ತಿರುಗಿ ಬರುವಾಗ ಉಳಿದ ರೊಟ್ಟಿಯಲ್ಲಿ ನನಗೂ ಪಾಲು ಕೊಟ್ಟಳು. ಊರಲ್ಲಿ ಇಳಿಯುವಾಗ ಮಾತ್ರ ಅಂದಳು: “ಆದದ್ದು ನಾ ಹೇಳೂದಿಲ್ಲ. ಊರವರಿಗೆ ನೀವ ಹೇಳ್ರಿ.”

ಇವತ್ತು, ನಾಳೆ ಎಂದು ದಿನ ದೂಡಿದೆ. ತಿಂಗಳೊಳಗೆ ಆದೇಶ ಬಂತು. ಹೊರಡುವ ದಿನ ಊರವರು ಹಾರ ಹಾಕಿ ಬಸ್ಸಿನತನಕ ಬಂದರು. “ಇಂಡ್ಯಾಗ ಇರ್ತೀರಿ, ಬಾವಿ ಮಾತು ಸಾಹೇಬ್ರಿಗೆ ನೆನಪ ಮಾಡ್ರಿ” ಅಂದರು.

ಗುಂಪಿನ ಹಿಂದೆ ಭೀಮವ್ವ ನಿಂತಿದ್ದಳು. “ಮಾಡ್ತೇನ್ರಿ” ಎಂದು ನಾನು ಅವಳ ಎದುರಿಗೇ ಹೇಳಿ ಬಸ್ಸು ಹತ್ತಿದೆ.