ರೊಟ್ಟಿಗೆ ಹಿಂಡಿದ ಗುಳಿಗೆ

ಇಜೇರಿಯಲ್ಲಿದ್ದ ನನ್ನ ಸೋದರತ್ತೆ ಎದೆಯ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಅಪ್ಪ ಅರ್ಧ ಆಗಿಹೋದ. ಆಳಂದದಲ್ಲಿ ತೊಗರಿ ದಲಾಲಿಯ ಅಡತಿ ಅಂಗಡಿ ಅವನದು. ಹಗಲೆಲ್ಲ ಗಟ್ಟಿ ದನಿಯಲ್ಲಿ ಸವಾಲು ಕೂಗುವವನು, ಮನೆಗೆ ಬಂದರೆ ಅವ್ವನ ಮುಖ ನೋಡುತ್ತ ಸುಮ್ಮನೆ ಕೂಡುತ್ತಿದ್ದ. ತಂಗಿಗೆ ಬಂದದ್ದು ಹೆಂಡತಿಗೂ ಬಂದೀತು ಎಂಬ ಅಂಜಿಕೆ. ಇಬ್ಬರಿಗೂ ರಕ್ತಸಂಬಂಧವೇ ಇಲ್ಲ ಎಂದರೆ ಕೇಳುವ ಆಸಾಮಿಯಲ್ಲ.

ಎಂಬತ್ತರ ದಶಕದ ಮಾತು. ವಿಟಮಿನ್ ಇ ತೆಗೆದುಕೊಂಡರೆ ಕ್ಯಾನ್ಸರ್ ಬರಲಿಕ್ಕಿಲ್ಲ ಎಂದು ಗುಲ್ಬರ್ಗಾದ ಔಷಧಿ ಅಂಗಡಿಯವನೊಬ್ಬ ಅಪ್ಪನಿಗೆ ಹೇಳಿದ. ಬಸ್ಸು ಆಳಂದ ಮುಟ್ಟುವಷ್ಟರಲ್ಲಿ ಅದು ಅಪ್ಪನ ತಲೆಯಲ್ಲಿ 'ಬರುವುದೇ ಇಲ್ಲ' ಆಗಿತ್ತು. ಹಸಿರು ಗುಳಿಗೆಗಳ ಪಾಕೀಟು ತಂದು ಅವ್ವನ ಮುಂದಿಟ್ಟ.

ಅವ್ವ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು. "ಇದರ ಸಿಪ್ಪಿ ಯಾತರದ್ರಿ?"

ಅಪ್ಪ ಮರುವಾರ ಅದನ್ನೂ ಕೇಳಿಕೊಂಡು ಬಂದ. ಎಲುಬು ಕುದಿಸಿ ಮಾಡುತ್ತಾರಂತೆ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಕೊರಳಾಗ ಲಿಂಗ ಕಟ್ಕೊಂಡು ಎಲುಬು ನುಂಗಲೇನ್ರಿ?" ಎಂದಳು ಅವ್ವ. ಮುಗಿಯಿತು.

ಅಪ್ಪ ಅಂಗಡಿಗೆ ಹೋಗಿ ತೊಗರಿ ಚೀಲ ಹೊಲಿಯುವ ದಬ್ಬಣ ತಂದ. ಅದನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು, ಗುಳಿಗೆಗೆ ಚುಚ್ಚಿ, ಒಳಗಿನ ಎಣ್ಣೆಯನ್ನು ಅವ್ವನ ಜೋಳದ ರೊಟ್ಟಿಯ ಮೇಲೆ ಹಿಂಡಿದ. ಸಿಪ್ಪೆಯನ್ನು ಹೊರಗೆ ಒಗೆದು ಕೈ ತೊಳೆದುಕೊಂಡ. ಅಂದಿನಿಂದ ಅದು ದಿನದ ಕೆಲಸವಾಯಿತು. ಅಷ್ಟು ದೊಡ್ಡ ದಬ್ಬಣಕ್ಕೆ ಆ ಸಣ್ಣ ಗುಳಿಗೆ ಸಿಡಿದು ಎಣ್ಣೆ ಅವನ ಮೀಸೆಗೆ ಹಾರಿದರೆ ನಾವೆಲ್ಲ ನಗುತ್ತಿದ್ದೆವು.

"ನೀವೂ ಒಂದು ತಗೋರಲ್ಲ" ಎಂದು ಅವ್ವ ಅನ್ನುತ್ತಿದ್ದಳು.

"ಇದು ಹೆಣ್ಮಕ್ಕಳ ಬ್ಯಾನಿ. ನನಗ್ಯಾಕ ಬರ್ತೈತಿ?" ಹಾಗೆ ಅನ್ನುವಾಗಲೂ ಅವನ ಎಡಗೆನ್ನೆಯಲ್ಲಿ ಸುಣ್ಣ ತಿಕ್ಕಿದ ತಂಬಾಕು ಇರುತ್ತಿತ್ತು.

ಕೆಲವು ವರ್ಷಗಳ ಮೇಲೆ ಆ ಕೆನ್ನೆಯೊಳಗೇ ಹುಣ್ಣಾಯಿತು. ಶೇಂಗಾ ಚಟ್ನಿ ಉರಿಯುತ್ತದೆ ಎಂದು ಮೊದಮೊದಲು ಅವ್ವನನ್ನೇ ಬೈದ. ಗುಲ್ಬರ್ಗಾದ ಡಾಕ್ಟರು ಬಾಯಿ ತೆರೆಸಿ ನೋಡಿ ಕ್ಯಾನ್ಸರ್ ಎಂದರು. ಅಂಥ ಹೊತ್ತಿನಲ್ಲೂ ಅಪ್ಪ ಕೇಳಿದ್ದು ಅವ್ವನ ಗುಳಿಗೆಯ ಬಗ್ಗೆ.

"ಅದರ ಮ್ಯಾಲ ಇನ್ನೂ ಸಂಶೋಧನಾ ನಡದೈತ್ರಿ. ತಡೀತೈತೋ ಇಲ್ಲೋ, ಯಾರಿಗೂ ಖಾತ್ರಿ ಇಲ್ಲ. ನಿಮ್ಮ ಮನಿ ಕುಸುಬಿ ಎಣ್ಣ್ಯಾಗೂ ಆ ವಿಟಮಿನ್ ಐತಿ" ಎಂದರು ಡಾಕ್ಟರು. "ತಂಬಾಕಿಂದು ಮಾತ್ರ ಖಾತ್ರಿ ಐತ್ರಿ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಹೇಳಲಾರೆ.

ಕೊನೆಕೊನೆಗೆ ಅಪ್ಪನ ಬಾಯಿ ಬೆರಳಗಲ ತೆರೆಯುವುದೂ ಕಷ್ಟವಾಯಿತು. ಅವನಿಗೆ ಅಂಬಲಿ, ಅವ್ವನಿಗೆ ರೊಟ್ಟಿ. ಆಗಲೂ ದಬ್ಬಣ ಹಿಡಿದು ಅವಳ ರೊಟ್ಟಿಗೆ ಎಣ್ಣೆ ಹಿಂಡುತ್ತಿದ್ದ. ಅವ್ವ ತಡೆಯಲಿಲ್ಲ. ತಲೆ ಬಗ್ಗಿಸಿ ತಿನ್ನುತ್ತಿದ್ದಳು.

ಅವನ ಮಣ್ಣು ಮುಗಿದು, ಬಂದ ನೆಂಟರೆಲ್ಲ ಹೋದ ಮೇಲೆ ಒಂದು ಮುಂಜಾನೆ ನಾನೇ ದಬ್ಬಣ ತೊಳೆದು ಗುಳಿಗೆ ಚುಚ್ಚಿದೆ. ಅವ್ವ ತಾಟು ಹಿಂದಕ್ಕೆ ಸರಿಸಿಕೊಂಡಳು.

"ಬ್ಯಾಡವ್ವಾ. ನನಗ ಬರ್ತೈತಿ ಅಂತ ಅಂಜಾವ್ರು ಹೋದ್ರು. ನಾ ಏನು ಅಂಜಿ ತಿಂತಿದ್ನೇನ?"

ಎಣ್ಣೆ ಆಗಲೇ ನನ್ನ ಬೆರಳಿಗೆ ಇಳಿದಿತ್ತು. ಅವ್ವ ನನ್ನ ಕೈ ಹಿಡಿದು ಸೆರಗಿನಿಂದ ಒರೆಸಿದಳು, ಆಮೇಲೆ ಒಣ ರೊಟ್ಟಿ ಮುರಿದಳು.